ಕೆಂಪು ನೆಲದ ಮೇಲೆ ಮೂರು ರಾತ್ರಿ

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಅಂಗಾಲಿಗೆ ತಣ್ಣಗಾಯಿತು. ಬಗ್ಗಿ ನೋಡಿದರೆ ಕೆಂಪು ನೆಲ, ಗೋಡೆಯ ಅಂಚಿಗೆ ಗೇಣಗಲದ ಕಪ್ಪು ಪಟ್ಟಿ. ಮೈಸೂರಿನ ನಮ್ಮ ತವರುಮನೆಯ ನೆಲ ಹೀಗೇ ಇತ್ತು. ರಿಜಿಸ್ಟರಿಗೆ ಸಹಿ ಹಾಕುವುದನ್ನೂ ಬಿಟ್ಟು ಹಾಗೇ ನಿಂತುಬಿಟ್ಟೆ.

ಇದು ಕೋಲ್ಕತ್ತಾದ ಭವಾನೀಪುರದ ಒಂದು ಗಲ್ಲಿ. ಇವರ ಜೊತೆ ಬ್ಯಾಂಕಿನಲ್ಲಿ ಕೆಲಸ ಮಾಡಿದವರ ಮಗಳ ಮದುವೆ, ಜನವರಿ ಕೊನೆಯಲ್ಲಿ. ಮದುವೆ ಮನೆಯವರು ದೊಡ್ಡ ಹೋಟೆಲಿನಲ್ಲಿ ರೂಮು ಮಾಡಿಸುತ್ತೇವೆ ಅಂದಿದ್ದರು. ಬೇಡ ಅಂದೆ. ಬುಟಿಕ್ ಹೋಟೆಲ್ ಅನ್ನುತ್ತಾರಲ್ಲ, ಅಂಥದ್ದರಲ್ಲಿ ಒಂದು ಸಲವಾದರೂ ಇರಬೇಕು ಅಂತ ನನಗೆ ಆಸೆ ಇತ್ತು. ಹಳೇ ಮನೆ, ಬರೀ ಏಳು ರೂಮು. ಹಳದಿ ಟ್ಯಾಕ್ಸಿ ಗಲ್ಲಿಯೊಳಗೆ ಬರಲಿಲ್ಲ. ಮೂಲೆಯಿಂದ ಸೂಟ್‌ಕೇಸ್ ಎಳೆದುಕೊಂಡು ನಡೆದೆವು.

ಲಿಫ್ಟ್ ಇಲ್ಲ. ಬಿಸಿನೀರು ಬರಲು ಹದಿನೈದು ನಿಮಿಷ ಕಾಯಬೇಕು. ಮಂಡಿನೋವು ಇರುವವರು ಕೆಳಗಿನ ರೂಮನ್ನೇ ಕೇಳಿಕೊಳ್ಳಿ. ದೂರುವುದಕ್ಕೆ ಇಷ್ಟೇ.

ರಾತ್ರಿ ಮಲಗಿ ಮೇಲೆ ನೋಡಿದರೆ ದಪ್ಪ ತೊಲೆಗಳು, ಅವುಗಳ ಮೇಲೆ ಅಡ್ಡಕ್ಕೆ ಸಣ್ಣ ಪಟ್ಟಿಗಳು. ಇದಕ್ಕೆ ಅಲ್ಲಿ ಕೊಡಿ-ಬರ್ಗಾ ಅಂತಾರಂತೆ. ನಮ್ಮ ಕಡೆಯ ಮದ್ರಾಸ್ ತಾರಸಿಯ ನೆಂಟ ಇದು ಅನಿಸಿತು. ಕಿಟಕಿಗೆ ಹಸಿರು ಬಣ್ಣದ ಮರದ ರೆಕ್ಕೆಗಳು. ಒಂದು ಕಡ್ಡಿ ಎಳೆದರೆ ಎಲ್ಲ ರೆಕ್ಕೆಗಳೂ ಒಟ್ಟಿಗೆ ಓರೆಯಾಗುತ್ತವೆ. ಗಾಳಿ ಬರುತ್ತದೆ, ಬಿಸಿಲು ಬರುವುದಿಲ್ಲ. ಹೊರಗಿನವರು ಕಾಣುತ್ತಾರೆ, ನಾವು ಅವರಿಗೆ ಕಾಣುವುದಿಲ್ಲ. ಬೆಳಿಗ್ಗೆ ಅದರ ಸಂದಿಯಿಂದ ನೆಲದ ಮೇಲೆ ಬಿಸಿಲಿನ ಗೆರೆಗಳು ಬಿದ್ದಾಗ ಕೆಂಪು ಇನ್ನೂ ಗಾಢವಾಗಿ ಕಾಣುತ್ತಿತ್ತು.

ಈ ನೆಲದ ಬಗ್ಗೆ ಸ್ವಲ್ಪ ಹೇಳಲೇಬೇಕು. ಸಿಮೆಂಟಿಗೆ ಕೆಂಪು ಆಕ್ಸೈಡ್ ಪುಡಿ ಬೆರೆಸಿ ಹಾಕುವ ನೆಲ ಇದು. ಹಸಿ ಇರುವಾಗಲೇ ಕರಣೆಯಲ್ಲಿ ತಿಕ್ಕಿ ತಿಕ್ಕಿ ನಯ ಮಾಡಬೇಕು. ನಡುವೆ ಕೆಲಸ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಅಲ್ಲಿ ಗೆರೆ ಉಳಿಯುತ್ತದೆ. ಆಮೇಲೆ ದಿನಗಟ್ಟಲೆ ನೀರು ಕಟ್ಟಬೇಕು. ಹೊಳಪು ಬರುವುದು ಮಾತ್ರ ವರ್ಷಗಟ್ಟಲೆ ಒರೆಸಿ, ಓಡಾಡಿ. ನಮ್ಮಮ್ಮ ಹಬ್ಬದ ಹಿಂದಿನ ದಿನ ಬಟ್ಟೆಗೆ ಒಂದೆರಡು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಉಜ್ಜುತ್ತಿದ್ದಳು. ಮಧ್ಯಾಹ್ನ ನಾವು ಚಾಪೆಯೂ ಇಲ್ಲದೆ ಅದರ ಮೇಲೇ ಮಲಗುತ್ತಿದ್ದೆವು.

2011ರಲ್ಲಿ ಆ ಮನೆ ಮಾರಿದೆವು. ನಾಲ್ಕು ಜನ ಮಕ್ಕಳು, ನಾಲ್ಕು ಊರು. ಯಾರೂ ಜಗಳ ಆಡಲಿಲ್ಲ, ಯಾರೂ ಬೇಡ ಅಂತಲೂ ಅನ್ನಲಿಲ್ಲ. ಈಗ ಅಲ್ಲಿ ಫ್ಲ್ಯಾಟುಗಳಿವೆ.

ಎರಡನೇ ದಿನ ಮಹಡಿಯ ಅಜ್ಜಿ ಕೆಳಗೆ ಬಂದರು. ಮನೆ ಅವರದೇ. ಮೇಲಿನ ಎರಡು ಕೋಣೆಯಲ್ಲಿ ಈಗಲೂ ಅವರೇ ಇದ್ದಾರೆ. ಹೋಟೆಲಿನ ಹುಡುಗರೆಲ್ಲ ಅವರನ್ನು ಮಾಶಿಮಾ, ಅಂದರೆ ಚಿಕ್ಕಮ್ಮ, ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಇಬ್ಬರದೂ ಹರುಕು ಮುರುಕು ಹಿಂದಿ. ಬಿಲ್ಡರುಗಳನ್ನು ಅಲ್ಲಿ ಪ್ರೊಮೋಟರ್ ಅನ್ನುತ್ತಾರೆ. ಮನೆ ಕೊಡಿ, ಎರಡು ಫ್ಲ್ಯಾಟು ಮತ್ತು ದುಡ್ಡು ಕೊಡುತ್ತೇವೆ ಅಂತ ವರ್ಷಾನುವರ್ಷ ಬಂದರಂತೆ. ಮೈದುನ ಮಾರೋಣ ಅಂದರಂತೆ. ಕೊನೆಗೆ ಮೈದುನನ ಮಗಳೇ ರೂಮು ಮಾಡಿ ಬಾಡಿಗೆಗೆ ಕೊಡೋಣ ಅಂತ ಎಲ್ಲರನ್ನೂ ಒಪ್ಪಿಸಿದಳಂತೆ.

ನಮ್ಮ ರೂಮಿನ ನೆಲದಲ್ಲಿ ಒಂದು ಉದ್ದನೆಯ ಸೀಳಿತ್ತು. ಸರಿ ಮಾಡಿಸಲಿಲ್ವಾ ಅಂತ ಕೇಳಿದೆ. "ಹಳೇ ಕೆಂಪಿಗೆ ಹೊಸ ಕೆಂಪು ಕೂಡುವುದಿಲ್ಲ ತಾಯಿ, ತೇಪೆ ಎದ್ದು ಕಾಣುತ್ತದೆ. ಇರಲಿ ಬಿಡು," ಅಂದರು.

ತಿಂಡಿಯ ವಿಷಯ. ನಾವು ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ ಅಂತ ಹೇಗೆ ಹೇಳುವುದೋ ಅಂತ ಯೋಚಿಸುತ್ತಿದ್ದೆ. ಅಡುಗೆಯವರು "ನಿರಾಮಿಷ್?" ಅಂದರು, ಅಷ್ಟೇ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಸಸ್ಯಾಹಾರಕ್ಕೆ ಅಲ್ಲಿ ಹಾಗನ್ನುತ್ತಾರೆ. ಬಂಗಾಳದಲ್ಲಿ ಮೀನು ಬಿಟ್ಟು ಬೇರೇನೂ ಸಿಗುವುದಿಲ್ಲ ಅನ್ನುವವರು ಆ ಅಡುಗೆಮನೆಗೆ ಹೋಗಿ ನೋಡಬೇಕು. ಮೊದಲ ದಿನ ಮೈದಾದ ಬೆಳ್ಳನೆ ಪೂರಿಯಂಥ ಲೂಚಿ, ಕಲೋಂಜಿ ಒಗ್ಗರಣೆಯ ಆಲೂಗಡ್ಡೆ. ಎರಡನೇ ದಿನ ಹಸಿ ಬಟಾಣಿ ರುಬ್ಬಿ ಹೂರಣ ತುಂಬಿದ ಕೊಚುರಿ. ಚಳಿಗಾಲದಲ್ಲಿ ಮಾತ್ರ ಮಾಡುತ್ತಾರಂತೆ, ನಾವು ಅವರೆಕಾಳಿಗೆ ಕಾಯುವ ಹಾಗೆ. ಜೊತೆಗೆ ನೊಲೆನ್ ಗುಡ್ ಹಾಕಿದ ಸಂದೇಶ್. ಈಚಲು ಜಾತಿಯ ಖರ್ಜೂರದ ಮರದ ರಸ ಕಾಯಿಸಿ ಮಾಡುವ ಬೆಲ್ಲ ಅದು. ಸ್ವಲ್ಪ ಹೊಗೆಯ ವಾಸನೆ ಇರುತ್ತದೆ. ಮಲೆನಾಡಿನ ಜೋನಿಬೆಲ್ಲ ನೆನಪಾಯಿತು, ಆದರೆ ಇದರ ಪರಿಮಳವೇ ಬೇರೆ.

ಮದುವೆ ಮುಗಿದ ಮರುದಿನ ನೇತಾಜಿ ಭವನಕ್ಕೆ ನಡೆದೇ ಹೋದೆವು. 1941ರ ಜನವರಿಯಲ್ಲಿ ಬ್ರಿಟಿಷರ ಕಣ್ಣು ತಪ್ಪಿಸಿ ಸುಭಾಷರು ಹೊರಟಿದ್ದು ಈ ಮನೆಯಿಂದಲೇ. ಅಣ್ಣನ ಮಗ ಶಿಶಿರ್ ಬೋಸ್ ಓಡಿಸಿದ ವಾಂಡರರ್ ಕಾರು ಇನ್ನೂ ಅಲ್ಲಿದೆ. ದೇಶದ ಮೊದಲ ಮೆಟ್ರೊ ರೈಲು 1984ರಲ್ಲಿ ಓಡಿದ್ದು ಎಸ್‌ಪ್ಲನೇಡಿನಿಂದ ಇದೇ ಭವಾನೀಪುರದವರೆಗೆ. ಇವರಿಗೆ ಅದರಲ್ಲಿ ಕೂತು ಬರುವ ಆಸೆ. ಹೋಗಿ ಬಂದರು. ನಾನು ಹೋಟೆಲಿಗೆ ವಾಪಸ್ ಬಂದೆ. ಮೂರು ರಾತ್ರಿಯಷ್ಟೇ ಇದ್ದದ್ದು. ಆ ನೆಲ ಬಿಟ್ಟು ಹೊರಗೆ ತಿರುಗಲು ನನಗೆ ಮನಸ್ಸಿರಲಿಲ್ಲ.

ಹೊರಡುವ ದಿನ ಟ್ಯಾಕ್ಸಿಗೆ ಕಾಯುತ್ತಾ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತಿದ್ದೆ. ಇಂಥ ಕಟ್ಟೆಗೆ ಅವರು ರೊಕ್ ಅನ್ನುತ್ತಾರೆ. ಸಂಜೆ ಗಂಡಸರೆಲ್ಲ ಅಲ್ಲಿ ಕೂತು ಚಹಾ ಕುಡಿಯುತ್ತಾ ಹರಟುತ್ತಿದ್ದರು, ಥೇಟ್ ನಮ್ಮ ಜಗಲಿಯಲ್ಲಿ ಅಪ್ಪ ಮತ್ತು ಅವರ ಸ್ನೇಹಿತರು ಕೂರುತ್ತಿದ್ದ ಹಾಗೆ. ಸುಮ್ನೆ ತಮ್ಮನಿಗೆ ಫೋನ್ ಮಾಡಿದೆ. "ನಮ್ಮನೆ ನೆಲದಲ್ಲೂ ಒಂದು ಸೀಳಿತ್ತು ಅಲ್ವಾ, ಎಲ್ಲಿತ್ತೋ ಅದು?" ಅಂದೆ.

ಯಾಕೆ ಅಂತ ಕೇಳಲಿಲ್ಲ ಅವನು. "ಅಡುಗೆಮನೆ ಹೊಸ್ತಿಲು ದಾಟಿದ್ರೆ ಬಲಗಡೆ. ಅಮ್ಮ ಅದರ ಮೇಲೇ ಈಳಿಗೆಮಣೆ ಹಾಕ್ಕೊಂಡು ಕೂರ್ತಿದ್ಲಲ್ಲ ಅಕ್ಕ," ಅಂದ.