ಶೀಟಿನ ಮೂರೂವರೆ ತಾಸು

ಶಿರಸಿಯ ನಮ್ಮ ಟಿಕೆಟ್ ಆಫೀಸಿನಲ್ಲಿ ಧಣಿಗಳೇ ಮಾಡಿಟ್ಟ ಎಕ್ಸೆಲ್ ಶೀಟೊಂದಿದೆ. ಹೊರಡುವ ಹೊತ್ತು, ಮುಟ್ಟುವ ಹೊತ್ತು ತುಂಬಿದರೆ ಒಂದರಲ್ಲಿ ಒಂದು ಕಳೆದು ಪ್ರಯಾಣದ ಅವಧಿ ಹಾಕಿಕೊಡುತ್ತದೆ. ಮುಂಬೈ ಟಿಕೆಟ್ಟಿಗೆ ಅಷ್ಟು ಸಾಕು. ಆದರೆ ಈಗ ಮನೆಮನೆಯ ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿ.

ಹೆಗಡೆ ಮಾವ ಪ್ರಿಂಟ್ ಹಿಡಿದು ಬಂದಾಗ ನಾನು ಇನ್ಯಾರದೋ ರೀಫಂಡಿನ ಜಗಳದಲ್ಲಿದ್ದೆ. ದಿಲ್ಲಿ ಬಿಡುವುದು ನಸುಕಿನ ನಾಲ್ಕಕ್ಕೆ, ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟುವುದು ಅದೇ ತಾರೀಖು ಬೆಳಿಗ್ಗೆ ಏಳೂವರೆಗೆ.

"ತಮಾ, ಹೋಪಕಾರೆ ಮೂರೂವರೆ ತಾಸು, ಬಪ್ಪಕಾರೆ ಇಪ್ಪತ್ತೆಂಟೂವರೆ. ಇದೆಂತ ಮಾರಾಯಾ, ಗಾಳಿಯ?"

"ಹೌದು ಮಾವ, ಗಾಳಿ" ಎಂದುಬಿಟ್ಟೆ.

ಗಾಳಿಯ ಮಾತು ಪೂರ್ತಿ ಸುಳ್ಳಲ್ಲ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಇದೇ ಹಾದಿಯ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲಿಂದ ಹಾರಿಸಿತು. ಸುಮಾರು 15,300 ಕಿಲೋಮೀಟರ್. ಹಳೆಯ ಹಾದಿಗಿಂತ 1,400ರಷ್ಟು ಹೆಚ್ಚು. ಆದರೂ ಬೆನ್ನಿಗೆ ಗಾಳಿ ಸಿಕ್ಕಿ ಹದಿನಾಲ್ಕೂವರೆ ತಾಸಿನಲ್ಲಿ ಮುಟ್ಟಿತು. ಗಾಳಿಯಿಂದ ಉಳಿಯುವುದು ಅಷ್ಟೇ, ಒಂದೆರಡು ತಾಸು. ನೇರ ಅಳತೆಯಲ್ಲೇ 12,000 ಕಿಲೋಮೀಟರ್ ದಾಟುತ್ತದೆ, ವಿಮಾನದ ಓಟ ತಾಸಿಗೆ 900ರ ಆಸುಪಾಸು; ಮೂರೂವರೆ ತಾಸಿನಲ್ಲಿ ಮುಗಿಯುವ ಹಾದಿಯಲ್ಲ. ಮಾವನ ಇಪ್ಪತ್ತೆಂಟೂವರೆಯಲ್ಲಿ ಹನ್ನೆರಡೂವರೆ ತಾಸು ಬರೀ ನಮ್ಮ ಮತ್ತು ಕ್ಯಾಲಿಫೋರ್ನಿಯಾದ ಗಡಿಯಾರದ ಅಂತರ. ಬರುವಾಗ ಅದನ್ನು ಕಳೆಯಬೇಕು, ಹೋಗುವಾಗ ಕೂಡಿಸಬೇಕು; ನಿಜಕ್ಕೆ ಎರಡೂ ಕಡೆ ಹದಿನಾರು ತಾಸು.

ಅವರು ಹೊರಟ ರಾತ್ರಿ ಬೆಂಗಳೂರು ಏರ್‌ಪೋರ್ಟಿನಿಂದ ಅತ್ತೆಯ ಫೋನು. "ತಮಾ, ದಿಲ್ಲಿಂದ ಮುಂದೆ ಮೂರೂವರೆ ತಾಸಲ್ಲಿ ಊಟ ಕೊಡ್ತ್ವ?"

ಕುಳಿತವನು ಎದ್ದುನಿಂತೆ. ಅತ್ತೆಗೆ ಶುಗರ್, ಬಿಪಿ ಎರಡೂ.

"ಮಾತ್ರೆ ಎಲ್ಲಿದೆ ಅತ್ತೆ?"

"ದೊಡ್ಡ ಬ್ಯಾಗಲ್ಲಿ ಇದ್ದು. ಮಗನ ಮನೆಗೆ ಹೋಗಿ ತಗಂಡ್ರಾತು."

"ಬ್ಯಾಗು?"

ಉತ್ತರವಿಲ್ಲ. ಫೋನಿನೊಳಗೆ ಯಾವುದೋ ವಿಮಾನದ ಅನೌನ್ಸ್‌ಮೆಂಟು, ಮಾವ ಯಾರಿಗೋ ಪಾಸ್‌ಪೋರ್ಟ್ ಕೊಡುವ ಸದ್ದು. ಆ ಬ್ಯಾಗಿಗೆ ಸ್ಯಾನ್ ಫ್ರಾನ್ಸಿಸ್ಕೊ ತನಕ ಒಂದೇ ಟ್ಯಾಗು. ಬೆಲ್ಟ್ ಹತ್ತಿದರೆ ನಡುವೆ ಎಲ್ಲೂ ಕೈಗೆ ಸಿಗದು. "ಮಾವಂಗೆ ಕೊಡಿ, ಮಾವಂಗೆ ಕೊಡಿ" ಎಂದು ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿರಬೇಕು. ಮಾವ ಫೋನು ಹಿಡಿದಾಗ ಬ್ಯಾಗು ಇನ್ನೂ ತೂಕದ ಮೇಲಿತ್ತು, ಟ್ಯಾಗು ಸುತ್ತಿಯಾಗಿತ್ತು. ಕೌಂಟರಿನ ಹುಡುಗಿ ಒಳ್ಳೆಯವಳು, ಇಳಿಸಿಕೊಟ್ಟಳು. ಕ್ಯೂ ಪಕ್ಕದಲ್ಲೇ ಬ್ಯಾಗು ಬಿಚ್ಚಿ, ತೊಡೆದೇವಿನ ಡಬ್ಬಿ, ಅಪ್ಪೆಮಿಡಿ ಬಾಟಲಿ ಎಲ್ಲ ಹೊರಗಿಟ್ಟು, ತಳದಿಂದ ಮಾತ್ರೆ ತೆಗೆದರಂತೆ. ಅಷ್ಟು ಹೊತ್ತೂ ಫೋನು ಇಡಲು ನನಗೆ ಧೈರ್ಯ ಬರಲಿಲ್ಲ.

ಮರುದಿನ ಧಣಿಗಳಿಗೆ ಹೇಳಿದೆ. "ಇಷ್ಟು ವರ್ಷ ಯಾರೂ ಕೇಳ್ಲಿಲ್ವಲ್ಲೋ" ಎಂದರು. ಕ್ಯಾಲಿಫೋರ್ನಿಯಾ ಟಿಕೆಟ್ಟಿಗೆಂದು ಹನ್ನೆರಡೂವರೆ ತಾಸಿನ ಹೊಸ ಕಾಲಮ್ ಸೇರಿಸಿ, ಬೀಗ ಹಾಕಿ, ಪಾಸ್‌ವರ್ಡ್ ತಮ್ಮಲ್ಲೇ ಇಟ್ಟುಕೊಂಡರು. ನವೆಂಬರಿನಲ್ಲಿ ಅಮೆರಿಕದವರು ಗಡಿಯಾರ ಒಂದು ತಾಸು ಹಿಂದಿಟ್ಟರು. ಅಂದಿನಿಂದ ಶೀಟು ಹೋಗುವಾಗ ಒಂದು ತಾಸು ಕಡಿಮೆ, ಬರುವಾಗ ಒಂದು ತಾಸು ಜಾಸ್ತಿ ತೋರಿಸುತ್ತಿದೆ. ನಾನು ಪ್ರತಿ ಪ್ರಿಂಟಿನ ಮೇಲೂ ಕೆಂಪು ಪೆನ್ನಿನಿಂದ ತಿದ್ದಿ ಕೊಡುತ್ತಿದ್ದೇನೆ. ಪೆನ್ನೂ ನನ್ನದೇ ದುಡ್ಡಿನದು.