43 ಪಾಯಿಂಟ್ ಬಂದ ಮಾತ್ರಕ್ಕೆ ಕಳ್ಳನಲ್ಲ

ಗಾಲ್ಫ್ ಕ್ಲಬ್ಬಿನ ಶನಿವಾರದ ಸ್ಟೇಬಲ್‌ಫೋರ್ಡ್ ಪಂದ್ಯದಲ್ಲಿ, ಅಂದರೆ ಪ್ರತಿ ಹೋಲ್‌ನ ಆಟಕ್ಕೆ ಪಾಯಿಂಟ್ ಕೊಡುವ ಪಂದ್ಯದಲ್ಲಿ, ಯಾರಾದರೂ 43 ಪಾಯಿಂಟ್ ತಂದರೆ ಸಾಕು, ಬಹುಮಾನ ಕೊಡುವ ಮೊದಲೇ ಗುಸುಗುಸು ಶುರುವಾಗುತ್ತದೆ. "ಹದಿನೆಂಟು ಹ್ಯಾಂಡಿಕ್ಯಾಪ್ ಅಂತೆ, ನೀವು ನಂಬ್ತೀರಾ?" ಹ್ಯಾಂಡಿಕ್ಯಾಪ್ ಎಂದರೆ ಆಟಗಾರರ ಮಟ್ಟಕ್ಕೆ ತಕ್ಕಂತೆ ಸ್ಕೋರಿನಿಂದ ಕಳೆಯಲು ಸಿಗುವ ಸ್ಟ್ರೋಕ್, ಅಂದರೆ ಹೊಡೆತಗಳು; ಹೆಚ್ಚಿದ್ದಷ್ಟೂ ಅನುಕೂಲ. ಹೀಗೆ ಕೇಳುವವರಲ್ಲಿ ಬಹುಪಾಲು ಮಂದಿ ಆ ಹದಿನೆಂಟು ಹೇಗೆ ಬಂತೆಂದು ಲೆಕ್ಕ ಹಾಕಿ ನೋಡಿರುವುದಿಲ್ಲ. ಅನುಮಾನ ತಪ್ಪು ಜನರ ಮೇಲೆ ಬೀಳುತ್ತದೆ. ನಿಜವಾಗಿ ಹ್ಯಾಂಡಿಕ್ಯಾಪ್ ಉಬ್ಬಿಸಿಕೊಂಡವರು ಹಾಯಾಗಿ ಇರುತ್ತಾರೆ, ಏಕೆಂದರೆ ಅವರ ಕೆಲಸ ನಡೆಯುವುದು ಪಂದ್ಯದ ದಿನವಲ್ಲ, ಯಾರೂ ಗಮನಿಸದ ಮಂಗಳವಾರ ಬೆಳಿಗ್ಗೆ.

ಮೊದಲು ಲೆಕ್ಕ. 2020ರಲ್ಲಿ ಗಾಲ್ಫ್‌ನ ನಿಯಮ ರೂಪಿಸುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸಂಸ್ಥೆಗಳು ಸೇರಿ ತಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯೇ ಈಗ ನಮ್ಮಲ್ಲೂ ಇಂಡಿಯನ್ ಗಾಲ್ಫ್ ಯೂನಿಯನ್ ಮೂಲಕ ನಡೆಯುತ್ತಿದೆ. ನೀವು ಹಾಕಿದ ಪ್ರತಿ ಸ್ಕೋರ್ ಕಾರ್ಡ್‌ಗೂ ಡಿಫರೆನ್ಷಿಯಲ್ ಎಂಬ ಒಂದು ಅಂಕಿ ಬರುತ್ತದೆ. ಹೊಂದಿಸಿದ ಗ್ರಾಸ್ ಸ್ಕೋರಿನಿಂದ (ಹೊಡೆದ ಒಟ್ಟು ಸ್ಟ್ರೋಕ್) ಕೋರ್ಸ್ ರೇಟಿಂಗ್ (ನುರಿತ ಆಟಗಾರರಿಂದ ಅಲ್ಲಿ ನಿರೀಕ್ಷಿಸುವ ಸ್ಕೋರ್) ಕಳೆದು, ಆ ದಿನದ ಹವೆಗೆ ಸಿಗುವ ಹೊಂದಾಣಿಕೆಯನ್ನೂ ಕಳೆದು, 113ರಿಂದ ಗುಣಿಸಿ ಸ್ಲೋಪ್‌ನಿಂದ (ಸಾಧಾರಣ ಆಟಗಾರರಿಗೆ ಆ ಕೋರ್ಸ್ ಎಷ್ಟು ಹೆಚ್ಚು ಕಷ್ಟ ಎಂಬ ಅಂಕಿ) ಭಾಗಿಸಿದರೆ ಅದು ಸಿಗುತ್ತದೆ. 'ಹೊಂದಿಸಿದ' ಎಂದರೆ ಯಾವ ಹೋಲ್‌ನಲ್ಲೂ ನೆಟ್ ಡಬಲ್ ಬೋಗಿಗಿಂತ (ಪಾರ್, ಅಂದರೆ ಆ ಹೋಲ್‌ಗೆ ನಿಗದಿಯಾದ ಸ್ಟ್ರೋಕ್, ಜೊತೆಗೆ ಎರಡು, ಜೊತೆಗೆ ಹ್ಯಾಂಡಿಕ್ಯಾಪ್‌ನಿಂದ ಅಲ್ಲಿ ಸಿಗುವುದು) ಹೆಚ್ಚು ಎಣಿಸುವಂತಿಲ್ಲ ಎಂದರ್ಥ. ಕೊನೆಯ 20 ಕಾರ್ಡ್‌ಗಳಲ್ಲಿ ಅತಿ ಒಳ್ಳೆಯ ಎಂಟರ ಸರಾಸರಿಯೇ ನಿಮ್ಮ ಇಂಡೆಕ್ಸ್, ಅಂದರೆ ಹ್ಯಾಂಡಿಕ್ಯಾಪ್‌ನ ಮೂಲ ಅಂಕಿ. ಉಳಿದ ಹನ್ನೆರಡು ಲೆಕ್ಕಕ್ಕೇ ಬರುವುದಿಲ್ಲ.

ಜಗಳದ ಬೇರು ಇರುವುದೇ ಇಲ್ಲಿ. ಹ್ಯಾಂಡಿಕ್ಯಾಪ್ ನಿಮ್ಮ ಸರಾಸರಿ ಆಟವನ್ನು ಹೇಳುವುದಿಲ್ಲ, ಚೆನ್ನಾಗಿ ಆಡಿದ ದಿನ ನೀವು ಎಷ್ಟು ಆಡಬಲ್ಲಿರಿ ಎಂಬುದನ್ನು ಹೇಳುತ್ತದೆ. ಪ್ರಾಮಾಣಿಕ ಇಂಡೆಕ್ಸ್ ಇರುವವರು ನಾಲ್ಕೈದು ಸುತ್ತಿಗೊಮ್ಮೆ ಮಾತ್ರ ಅದಕ್ಕೆ ಸಮನಾಗಿ ಆಡುತ್ತಾರೆ, ಉಳಿದ ದಿನಗಳಲ್ಲಿ ಎರಡರಿಂದ ನಾಲ್ಕು ಸ್ಟ್ರೋಕ್ ಹಿಂದೆಯೇ ಇರುತ್ತಾರೆ. ಪ್ರತಿ ವಾರ 36 ಪಾಯಿಂಟ್ (ಹ್ಯಾಂಡಿಕ್ಯಾಪ್‌ಗೆ ಸಮನಾದ ಆಟ) ಬರಬೇಕು ಎಂದು ನಿರೀಕ್ಷಿಸುವವರಿಗೆ 32 ಬಂದಾಗ ತಮ್ಮ ಹ್ಯಾಂಡಿಕ್ಯಾಪ್ ಕಡಿಮೆಯಾಯಿತು ಅನ್ನಿಸುತ್ತದೆ, ಪಕ್ಕದವರಿಗೆ 40 ಬಂದರೆ ಅವರದು ಹೆಚ್ಚಾಯಿತು ಅನ್ನಿಸುತ್ತದೆ. ಎರಡೂ ತಪ್ಪಿರಬಹುದು.

ಒಂದು ಉದಾಹರಣೆ ಪೂರ್ತಿ ನೋಡೋಣ. ಕೋರ್ಸ್ ರೇಟಿಂಗ್ 70.8, ಸ್ಲೋಪ್ 128, ಪಾರ್ 71, ಆಟಗಾರರ ಇಂಡೆಕ್ಸ್ 18.4 ಎಂದಿಟ್ಟುಕೊಳ್ಳಿ. 18.4ನ್ನು 128ರಿಂದ ಗುಣಿಸಿ 113ರಿಂದ ಭಾಗಿಸಿ, ರೇಟಿಂಗ್‌ಗೂ ಪಾರ್‌ಗೂ ಇರುವ 0.2ರ ವ್ಯತ್ಯಾಸ ಕಳೆದರೆ 20.64. ಅಂದರೆ ಕೋರ್ಸ್ ಹ್ಯಾಂಡಿಕ್ಯಾಪ್ 21. ಒಬ್ಬೊಬ್ಬರೇ ಆಡುವ ಸ್ಟೇಬಲ್‌ಫೋರ್ಡ್‌ಗೆ ಇದರ ಶೇ. 95, ಆದ್ದರಿಂದ ಪಂದ್ಯಕ್ಕೆ ಸಿಗುವುದು 20 ಸ್ಟ್ರೋಕ್. ಈ ಶೇ. 95 ಇರುವುದಕ್ಕೂ ಕಾರಣವಿದೆ. ಹೆಚ್ಚು ಹ್ಯಾಂಡಿಕ್ಯಾಪ್ ಇರುವವರ ಸ್ಕೋರ್ ಏರುಪೇರು ಜಾಸ್ತಿ, ದೊಡ್ಡ ಪಂದ್ಯದಲ್ಲಿ ಅವರಲ್ಲೊಬ್ಬರು ಅಸಾಧಾರಣ ಆಟ ಆಡಿಯೇ ಆಡುತ್ತಾರೆ. ಅದನ್ನು ಸ್ವಲ್ಪ ತಗ್ಗಿಸಲೆಂದೇ ಈ ಕಡಿತ. ಇಬ್ಬರೇ ಎದುರಾಗುವ ಮ್ಯಾಚ್ ಪ್ಲೇಯಲ್ಲಿ ಶೇ. 100 ಕೊಟ್ಟರೂ ಕಡಿಮೆ ಹ್ಯಾಂಡಿಕ್ಯಾಪ್‌ನವರಿಗೇ ಕೂದಲೆಳೆಯಷ್ಟು ಅನುಕೂಲ ಉಳಿಯುತ್ತದೆ. "ಇಷ್ಟೊಂದು ಶಾಟ್ ಕೊಟ್ಟರೆ ಗೆಲ್ಲೋದು ಹೇಗೆ" ಎಂದು ಗೊಣಗುವ ಸಿಂಗಲ್ (ಒಂದಂಕಿ) ಹ್ಯಾಂಡಿಕ್ಯಾಪ್‌ನವರು ಇದನ್ನು ಮರೆಯುತ್ತಾರೆ.

ಈಗ ಆ ಆಟಗಾರರು ಗ್ರಾಸ್ 84 ಆಡಿದರೆ, 20 ಸ್ಟ್ರೋಕ್ ಕಳೆದು 64, ಪಾರ್‌ಗಿಂತ ಏಳು ಕಡಿಮೆ; 36ಕ್ಕೆ ಏಳು ಸೇರಿ 43 ಪಾಯಿಂಟ್. ಡಿಫರೆನ್ಷಿಯಲ್ 11.7, ಇಂಡೆಕ್ಸ್‌ಗಿಂತ 6.7 ಕಡಿಮೆ. ಪದ್ಧತಿಯ ಪ್ರಕಾರ ಇದು 'ಅಸಾಧಾರಣ ಸ್ಕೋರ್' ಕೂಡ ಅಲ್ಲ! ಇನ್ನೊಂದು ಸ್ಟ್ರೋಕ್ ಕಡಿಮೆಯಾಗಿ 83 ಆಗಿದ್ದರೆ ವ್ಯತ್ಯಾಸ 7.6 ಆಗುತ್ತಿತ್ತು, ಇಂಡೆಕ್ಸ್‌ನಿಂದ ತಾನಾಗಿಯೇ 1.0 ಕಡಿತವಾಗುತ್ತಿತ್ತು. ಗಡಿ ಇರುವುದು 7.0ರಲ್ಲಿ. ವ್ಯತ್ಯಾಸ 10.0 ಮುಟ್ಟಿದರೆ, ನಮ್ಮ ಉದಾಹರಣೆಯಲ್ಲಿ ಗ್ರಾಸ್ 80 ಆಡಿದರೆ, ಕಡಿತ 2.0.

ಅಸಾಧಾರಣ ಆಟ ಎಷ್ಟು ಅಪರೂಪ ಎನ್ನುವುದಕ್ಕೂ ಎಣಿಕೆ ಬೇಕು. ಒಬ್ಬೊಬ್ಬರಿಗೂ ನೂರು ಸುತ್ತಿಗೊಮ್ಮೆ ಮಾತ್ರ ಬರುವಂಥ ಸ್ಕೋರ್ ಎಂದೇ ಇಟ್ಟುಕೊಳ್ಳಿ. ನೂರು ಜನ ಆಡುವ ಪಂದ್ಯದಲ್ಲಿ ಅವರಲ್ಲಿ ಯಾರಾದರೊಬ್ಬರಿಗಾದರೂ ಅದು ಬರುವ ಸಂಭವ ಶೇ. 63. ಅಂದರೆ ದೊಡ್ಡ ಪಂದ್ಯಕ್ಕೆ ಅಂಥ ಒಬ್ಬರು ವಿಜೇತರು ಇರುವುದೇ ಸಹಜ. ಆದರೆ ಮೊದಲೇ ಹೆಸರು ಹೇಳಿದ ಒಬ್ಬರು, ನಿರ್ದಿಷ್ಟ ಎರಡು ಪಂದ್ಯಗಳಲ್ಲೂ ಹಾಗೇ ಆಡುವ ಸಂಭವ ಹತ್ತು ಸಾವಿರಕ್ಕೆ ಒಂದು. ಒಂದು ದಿನದ 43ಕ್ಕೆ ಚಪ್ಪಾಳೆ ಹೊಡೆಯಿರಿ. ಅದೇ ವ್ಯಕ್ತಿ ಒಂದೇ ವರ್ಷದಲ್ಲಿ ಮೂರು ಸಲ ಪಂದ್ಯದಲ್ಲಿ ಮಾತ್ರ ಹಾಗೆ ಆಡಿ, ಮಾಮೂಲಿ ದಿನದ ಕಾರ್ಡ್‌ಗಳೆಲ್ಲ 95ರ ಮೇಲಿದ್ದರೆ ಆಗ ದಾಖಲೆ ತೆಗೆದು ನೋಡಿ.

ಉಬ್ಬಿಸುವುದು ಹೇಗೆ ನಡೆಯುತ್ತದೆ? ಬೇಕೆಂದೇ ಪಟ್ (ಗುಳಿಯ ಬಳಿಯ ಮೆಲ್ಲನೆಯ ಹೊಡೆತ) ತಪ್ಪಿಸುವ ಮಂದಿ ಇದ್ದಾರೆ, ಆದರೆ ಅದು ಕಷ್ಟದ ದಾರಿ. ಕ್ಯಾಡಿಗೂ ಜೊತೆಗಾರರಿಗೂ ಕಾಣಿಸಿಬಿಡುತ್ತದೆ. ಸುಲಭದ ದಾರಿ ಎಂದರೆ ಒಳ್ಳೆಯ ಕಾರ್ಡ್ ಹಾಕದೇ ಇರುವುದು. ನಮ್ಮ 18.4ರ ಆಟಗಾರರ ಎಂಟು ಒಳ್ಳೆಯ ಡಿಫರೆನ್ಷಿಯಲ್‌ಗಳು 15.9, 16.8, 17.6, 18.3, 18.9, 19.4, 20.1, 20.2 ಎಂದುಕೊಳ್ಳಿ. ವಾರದ ನಡುವೆ ಗೆಳೆಯರೊಂದಿಗೆ ಆಡಿ 86 ಹೊಡೆದರು, ಅದರ ಡಿಫರೆನ್ಷಿಯಲ್ 13.4. ಎಂಟರ ಲೆಕ್ಕದಲ್ಲಿಲ್ಲದ ಹಳೆಯ ಕಾರ್ಡೊಂದು ಬಿದ್ದುಹೋಗಿ ಇದು ಸೇರಿದ್ದರೆ ಇಂಡೆಕ್ಸ್ 17.6ಕ್ಕೆ ಇಳಿಯುತ್ತಿತ್ತು. ಹಾಕಲಿಲ್ಲ. ಇಂಥ ಮೂರು ಕಾರ್ಡ್ ಹಾಕದಿದ್ದರೆ, 16.0 ಇರಬೇಕಾದದ್ದು 18.4ರಲ್ಲೇ ನಿಲ್ಲುತ್ತದೆ. ಪಂದ್ಯದ ದಿನ ಸಿಗಬೇಕಾದ್ದು 17 ಸ್ಟ್ರೋಕ್, ಸಿಗುವುದು 20. ಮೂರು ಸ್ಟ್ರೋಕ್ ಎಂದರೆ ಸಾಮಾನ್ಯವಾಗಿ ಮೊದಲ ಸ್ಥಾನಕ್ಕೂ ಎಂಟನೆಯದಕ್ಕೂ ಇರುವ ಅಂತರ. ಯಾವ ಕಾರ್ಡಿನಲ್ಲೂ ಒಂದು ಸುಳ್ಳು ಅಂಕಿಯಿಲ್ಲ, ಸ್ಕೋರ್ ಬರೆಯುವ ಯಾವ ಮಾರ್ಕರ್ ಸಹಿಯೂ ಸುಳ್ಳಲ್ಲ. ಅದಕ್ಕೇ ಇದು ಹಿಡಿಯುವುದಕ್ಕೆ ಕಷ್ಟ, ಅದಕ್ಕೇ ನನಗೆ ಇದರ ಮೇಲೆ ಹೆಚ್ಚು ಸಿಟ್ಟು.

ಹಿಡಿಯುವ ದಾರಿ ಕ್ಲಬ್ಬಿನ ಕೈಯಲ್ಲೇ ಇದೆ. ಟೀ ಬುಕಿಂಗ್, ಸ್ಟಾರ್ಟರ್ ರಿಜಿಸ್ಟರ್, ಕ್ಯಾಡಿ ಚೀಟಿ, ಮೂರರಲ್ಲೂ ಯಾರು ಯಾವ ದಿನ 18 ಹೋಲ್ ಆಡಿದರೆಂಬುದು ಇರುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ಹಾಕಿದ ಕಾರ್ಡ್‌ಗಳ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಹನ್ನೆರಡು ಸಲ ಆಡಿ ನಾಲ್ಕೇ ಕಾರ್ಡ್ ಹಾಕಿದವರನ್ನು ಕರೆದು ಕೇಳಿ. ಉತ್ತರ ಸರಿಯಾಗಿಯೇ ಇರಬಹುದು: ಒಬ್ಬರೇ ಆಡಿದ ಸುತ್ತು ಹ್ಯಾಂಡಿಕ್ಯಾಪ್‌ಗೆ ಸಲ್ಲುವುದಿಲ್ಲ, ಸ್ಕ್ರ್ಯಾಂಬಲ್ (ತಂಡದವರೆಲ್ಲ ಹೊಡೆದು ಒಳ್ಳೆಯ ಚೆಂಡಿನಿಂದಲೇ ಮುಂದುವರಿಯುವ ಆಟ) ಸಲ್ಲುವುದಿಲ್ಲ, ಮಳೆಯಲ್ಲಿ ಅರ್ಧಕ್ಕೇ ಬಿಟ್ಟಿರಬಹುದು. ಆದರೆ ಕೇಳುತ್ತಾರೆಂದು ಗೊತ್ತಾದರೇ ಅರ್ಧ ರೋಗ ವಾಸಿಯಾಗುತ್ತದೆ. ಇಂಗ್ಲೆಂಡಿನಲ್ಲಿ ಸಾಮಾನ್ಯ ಸುತ್ತಿನ ಸ್ಕೋರ್ ಸಲ್ಲಬೇಕಾದರೆ ಆಟಕ್ಕೆ ಇಳಿಯುವ ಮೊದಲೇ ನೋಂದಾಯಿಸಬೇಕು. ಸುತ್ತು ಮುಗಿದ ಮೇಲೆ ಬೇಕಾದ ಕಾರ್ಡ್ ಆರಿಸಿಕೊಳ್ಳುವುದಕ್ಕೆ ಎಡೆಯಿರುವುದಿಲ್ಲ. ನೋಂದಾಯಿಸದೆ ಆಡುವ ದಾರಿ ಉಳಿಯುತ್ತದಾದರೂ, ನಮ್ಮ ಕ್ಲಬ್‌ಗಳೂ ಇದನ್ನು ಮಾಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಪದ್ಧತಿಯಲ್ಲೇ ಎರಡು ತಡೆಗಳೂ ಇವೆ. ಕಳೆದ 365 ದಿನಗಳಲ್ಲಿ ನಿಮ್ಮ ಅತಿ ಕಡಿಮೆ ಇಂಡೆಕ್ಸ್ 12.0 ಇತ್ತೆನ್ನಿ. ಹೊಸ ಲೆಕ್ಕದಲ್ಲಿ 18.0 ಬಂದರೆ ಅದು ನೇರವಾಗಿ ಸಿಗುವುದಿಲ್ಲ. ಮೊದಲ 3.0 ಪೂರ್ತಿ, ಅದರ ಮೇಲಿನದು ಅರ್ಧ ಮಾತ್ರ, ಆದ್ದರಿಂದ 16.5. ಏನೇ ಆದರೂ 17.0 ದಾಟುವಂತಿಲ್ಲ. ಇದು ಆತುರದ ಕಳ್ಳನನ್ನು ತಡೆಯುತ್ತದೆ. ಎರಡು ವರ್ಷ ತಾಳ್ಮೆಯಿಂದ ಏರಿಸುವವರನ್ನು ತಡೆಯುವುದಿಲ್ಲ, ಏಕೆಂದರೆ ವರ್ಷ ಕಳೆದಂತೆ ಆ ಕೆಳಗಿನ ಗುರುತೇ ಮೇಲೆ ಸರಿಯುತ್ತದೆ. ಅಲ್ಲಿ ಕಮಿಟಿಯ ಕಣ್ಣೇ ಬೇಕು.

ದೊಡ್ಡ ವೇದಿಕೆಯಲ್ಲೂ ಇದು ನಡೆದಿದೆ. 1995ರ ಪೆಬಲ್ ಬೀಚ್ ಪ್ರೊ-ಆಮ್‌ನಲ್ಲಿ ವೃತ್ತಿಪರ ಆಟಗಾರ ಬ್ರೂಸ್ ವಾನ್ ಅವರೊಂದಿಗೆ ಜೋಡಿಯಾಗಿ ಗೆದ್ದ ಜಪಾನಿನ ಹವ್ಯಾಸಿ ಆಟಗಾರರು 15 ಹ್ಯಾಂಡಿಕ್ಯಾಪ್ ಎಂದು ಆಡಿದ್ದರು. ತಮ್ಮ ದೇಶದಲ್ಲಿ ಅವರದು ಒಂದಂಕಿಯದು ಎಂದು ಆಮೇಲೆ ಗೊತ್ತಾಗಿ ಗೆಲುವನ್ನು ರದ್ದು ಮಾಡಿದರು. ಒಂದು ಕಡೆಯ ದಾಖಲೆ ಇನ್ನೊಂದು ಕಡೆಗೆ ಕಾಣದಿದ್ದ ಕಾಲ ಅದು.

ಅಂಥದೇ ಕುರುಡು ನಮ್ಮ ಕಾರ್ಪೊರೇಟ್ ಟೂರ್ನಮೆಂಟ್‌ಗಳಲ್ಲಿ ಇಂದಿಗೂ ಇದೆ. ಇಂಡೆಕ್ಸೇ ಇಲ್ಲದ ಅತಿಥಿ ಬಾಯಿಮಾತಿಗೆ "24" ಎನ್ನುತ್ತಾರೆ, ಆಯೋಜಕರು ಬರೆದುಕೊಳ್ಳುತ್ತಾರೆ. ಇದಕ್ಕೆ ಒಳ್ಳೆಯ ಮದ್ದು ಡಬಲ್ ಪಿಯೋರಿಯಾ. ಎರಡೂ ನೈನ್‌ಗಳಿಂದ (ಮೊದಲ ಒಂಬತ್ತು, ಕೊನೆಯ ಒಂಬತ್ತು ಹೋಲ್) ಆರಾರರಂತೆ, ಒಟ್ಟು ಪಾರ್ 48 ಆಗುವ 12 ಹೋಲ್‌ಗಳನ್ನು ಆಯೋಜಕರು ಗುಟ್ಟಾಗಿ ಆರಿಸಿ ಲಕೋಟೆಯಲ್ಲಿ ಮುಚ್ಚಿಡುತ್ತಾರೆ. ಆಟ ಮುಗಿದ ಮೇಲೆ ಆ ಹನ್ನೆರಡರ ಸ್ಕೋರನ್ನು ಒಂದೂವರೆ ಪಟ್ಟು ಮಾಡಿ, ಪಾರ್ 72 ಕಳೆದು, 0.8ರಿಂದ ಗುಣಿಸಿದರೆ ಆ ದಿನದ ಹ್ಯಾಂಡಿಕ್ಯಾಪ್. ಹನ್ನೆರಡು ಹೋಲ್‌ಗೆ 66 ಬಂದರೆ 99, ಅದರಿಂದ 72 ಕಳೆದು 27, ಕೊನೆಗೆ 21.6. ಯಾವ ಹೋಲ್ ಎಣಿಕೆಗೆ ಬರುತ್ತದೆಂದು ತಿಳಿಯದೆ ಯಾರೂ ಬೇಕೆಂದು ಕೆಡಿಸಲಾರರು. ಅದೃಷ್ಟದ ಪಾಲು ಜಾಸ್ತಿ ಎನ್ನುವುದು ನಿಜ, ಆದರೆ ಸುಳ್ಳಿಗಿಂತ ಅದೃಷ್ಟ ಮೇಲು. ನಾಲ್ವರ ಸ್ಕ್ರ್ಯಾಂಬಲ್ ಆಡಿಸುವುದಾದರೆ ಶಿಫಾರಸು ಮಾಡಿದ 25, 20, 15, 10 ಶೇಕಡಾವನ್ನೇ ಕಡಿಮೆಯವರಿಂದ ಹೆಚ್ಚಿನವರಿಗೆ ಆ ಕ್ರಮದಲ್ಲಿ ಹಚ್ಚಿ.

ಎದುರು ದಿಕ್ಕಿನ ಸುಳ್ಳನ್ನು ಯಾರೂ ಸುಳ್ಳೆನ್ನುವುದಿಲ್ಲ. ಮೊದಲ ಟೀಯಲ್ಲಿ ಎರಡನೇ ಚೆಂಡು ಹೊಡೆದು ಒಳ್ಳೆಯದನ್ನು ಇಟ್ಟುಕೊಳ್ಳುವುದು, ಆರಡಿಯ ಪಟ್‌ಗೆ "ಗಿಮ್ಮಿ" ಎಂದು ಎತ್ತಿಕೊಂಡು ಅದನ್ನು ಎಣಿಸದೇ ಬಿಡುವುದು, ಹೀಗೆ ಮಾಡಿ 11 ಎಂದು ಹೇಳಿಕೊಳ್ಳುವವರಿದ್ದಾರೆ. ನಿಯಮ ಸ್ಪಷ್ಟ: ಮ್ಯಾಚ್‌ನಲ್ಲಿ ಹೋಲ್ ಮುಗಿಸದೆ ಚೆಂಡು ಎತ್ತಿದರೆ ಬರುವ ಸಂಭವವಿದ್ದ ಸ್ಕೋರ್ ಬರೆಯಬೇಕು. ಗ್ರೀನ್ ಮೇಲೆ 5 ಅಡಿಯೊಳಗಿದ್ದರೆ ಒಂದು ಸ್ಟ್ರೋಕ್ ಸೇರಿಸಿ. ಅಲ್ಲಿಂದ 20 ಗಜದವರೆಗೆ ಎರಡು ಅಥವಾ ಮೂರು. ಅದರಾಚೆ ಮೂರು ಅಥವಾ ನಾಲ್ಕು. ಇಳಿಸಿಕೊಂಡ ಹ್ಯಾಂಡಿಕ್ಯಾಪ್‌ನಿಂದ ಸೋಲುವುದು ಅವರೊಬ್ಬರೇ ಅಲ್ಲ, ಫೋರ್‌ಬಾಲ್‌ನಲ್ಲಿ ಜೋಡಿಯಾದವರೂ ಸೋಲುತ್ತಾರೆ. ಇನ್ನೂ ಕೆಟ್ಟದ್ದೆಂದರೆ ಅಂಥವರ ಪಕ್ಕದಲ್ಲಿ ಪ್ರಾಮಾಣಿಕವಾಗಿ 16 ಇಟ್ಟುಕೊಂಡವರು ಕಳ್ಳರಂತೆ ಕಾಣುತ್ತಾರೆ.

ಹೊಸಬರ ಮೇಲಿನ ಅನುಮಾನವಂತೂ ಬಹುತೇಕ ಅನ್ಯಾಯ. ಮೂರೇ ಕಾರ್ಡ್ ಇದ್ದರೆ ಅತಿ ಕಡಿಮೆ ಡಿಫರೆನ್ಷಿಯಲ್‌ನಿಂದ 2.0 ಕಳೆದು ಇಂಡೆಕ್ಸ್ ಕೊಡುತ್ತಾರೆ. 27.3, 24.1, 29.0 ಬಂದಿದ್ದರೆ 22.1. ಐದು ಕಾರ್ಡ್‌ಗೆ ಅತಿ ಕಡಿಮೆಯ ಒಂದೇ, ಆರಕ್ಕೆ ಕಡಿಮೆಯ ಎರಡರ ಸರಾಸರಿಯಿಂದ 1.0 ಕಡಿತ. ಇಷ್ಟು ಸಣ್ಣ ತಳಹದಿಯ ಮೇಲೆ ನಿಂತ ಅಂಕಿ ಅತ್ತಿತ್ತ ಓಲಾಡುತ್ತದೆ. ಕೋಚಿಂಗ್‌ಗೆ ಹೋಗುವ ಹದಿನಾಲ್ಕು ವರ್ಷದ ಹುಡುಗಿಯ ಆಟ ಮೂರು ತಿಂಗಳಲ್ಲಿ ಹತ್ತು ಸ್ಟ್ರೋಕ್ ಸುಧಾರಿಸಬಹುದು, ಅವಳ ಹಳೆಯ ಕಾರ್ಡ್‌ಗಳು ಅಷ್ಟು ಬೇಗ ಹೊರಗೆ ಹೋಗುವುದಿಲ್ಲ. ಅಂಥ ಮಕ್ಕಳಿಗೆ ವಾರಕ್ಕೆ ಎರಡು ಕಾರ್ಡ್ ಹಾಕಿಸಿ. ಸಾಲದಿದ್ದರೆ ಕಮಿಟಿಯೇ ಇಂಡೆಕ್ಸ್ ಇಳಿಸಲಿ. ಅದು ಶಿಕ್ಷೆಯಲ್ಲ ಎಂದು ತಂದೆ ತಾಯಿಗೆ ಮೊದಲೇ ಹೇಳಿಡಿ.

ಅನುಮಾನ ಬಂದವರು ಮಾಡಬೇಕಾದದ್ದು ಇಷ್ಟು: ಬಾರ್‌ನಲ್ಲಿ ಮಾತಾಡಬೇಡಿ, ಹ್ಯಾಂಡಿಕ್ಯಾಪ್ ಕಮಿಟಿಗೆ ಬರೆದುಕೊಡಿ. ದಿನಾಂಕ, ಆಡಿದ ಟೀ, ಜೊತೆಗಿದ್ದವರು, ನೀವು ಕಂಡ ಸ್ಕೋರ್ ಸಾಕು, ವಿಶೇಷಣ ಬೇಡ. ಕಮಿಟಿ ಆ ಸದಸ್ಯರ ಪಂದ್ಯದ ಡಿಫರೆನ್ಷಿಯಲ್‌ಗಳನ್ನೂ ಮಾಮೂಲಿ ಸುತ್ತಿನವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ಸರಾಸರಿ ಹೋಲಿಸಬೇಕು. ಜೋಡಿ ಆಟದ ಗೆಲುವನ್ನು ಒಬ್ಬರ ತಲೆಗೆ ಕಟ್ಟಬಾರದು. ಬದಲಾವಣೆ ಮಾಡುವುದಾದರೆ ಕನಿಷ್ಠ 1.0 ಆಗಿರಬೇಕು, ಸದಸ್ಯರಿಗೆ ಮೊದಲೇ ತಿಳಿಸಿ ಅವರ ಮಾತು ಕೇಳಬೇಕು. ಹಾಕದ ಕಾರ್ಡ್‌ನ ಸ್ಕೋರ್ ಸಿಕ್ಕರೆ ಅದನ್ನೇ ದಾಖಲಿಸಬಹುದು, ಬೇಕೆಂದೇ ಹಾಕಲಿಲ್ಲವೆಂದು ಗೊತ್ತಾದರೆ ದಂಡದ ಸ್ಕೋರ್ ಹಾಕಬಹುದು, ಪದೇ ಪದೇ ಮಾಡಿದರೆ ಇಂಡೆಕ್ಸನ್ನೇ ಹಿಂಪಡೆಯಬಹುದು. ಇಳಿಸುವಾಗ ಕೊನೆಯ 20 ಡಿಫರೆನ್ಷಿಯಲ್‌ಗಳಿಗೂ ಅದೇ ಕಡಿತ ಹಚ್ಚುವುದು ನನಗೆ ಸರಿ ಅನ್ನಿಸುತ್ತದೆ. ಹೊಸ ಕಾರ್ಡ್‌ಗಳು ಬಂದಂತೆ ಅದು ತಾನೇ ಕರಗುತ್ತದೆ, ಸದಸ್ಯರು ನಿಜವಾಗಿ ಹದಿನೆಂಟರ ಆಟಗಾರರೇ ಆಗಿದ್ದರೆ ಇಪ್ಪತ್ತು ಸುತ್ತಿನೊಳಗೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಾರೆ.