ಅದು ನಿಮಗ್ಯಾಕೆ?

ಶನಿವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಪಾತ್ರೆ ತೊಳೆಯುವಾಗ, ಆಫೀಸಿನ ಲಿಫ್ಟಿಗೆ ಕಾಯುವಾಗ, ರಾತ್ರಿ ದೀಪ ಆರಿಸಿದ ಮೇಲೆ.

"ನಾಟಕಕ್ಕಾ ಸಾರ್? ಎಷ್ಟು ಗಂಟೆಗೆ?"

"ಅದು ನಿಮಗ್ಯಾಕೆ?"

ಅಷ್ಟೇ. ಮೊದಲನೆಯದು ವೇಟರ್ ಕೇಳಿದ್ದು, ಎರಡನೆಯದು ನಮ್ಮ ಭಾವ ಹೇಳಿದ್ದು. ಭಾವ ಕೂಗಲಿಲ್ಲ, ಬೈಯಲಿಲ್ಲ. ಮೆನು ಕಾರ್ಡಿನಿಂದ ಕಣ್ಣೂ ಎತ್ತಲಿಲ್ಲ. ಸುಮ್ನೆ ಹಾಗೆ ಅಂದುಬಿಟ್ಟರು. ಬೈದಿದ್ದರೆ ಇಷ್ಟು ದಿನ ಉಳಿಯುತ್ತಿರಲಿಲ್ಲವೋ ಏನೋ.

ನಾವು ನಾಲ್ಕು ಜನ. ಅಕ್ಕ, ಭಾವ, ಅವರ ಮಗಳು, ನಾನು. ಮಗಳಿಗೆ ಹದಿನಾಲ್ಕು. ಸ್ಕೂಲಿನ ನಾಟಕದಲ್ಲಿ ಅವಳಿಗೆ ಮೊದಲ ಸಲ ಪಾತ್ರ ಸಿಕ್ಕಿದೆ, ಮೊದಲ ದೃಶ್ಯದಲ್ಲೇ ಬರಬೇಕು. ದೊಡ್ಡ ನಾಟಕದಲ್ಲಿ ಪರದೆ ಹೇಗೆ ತೆರೆಯುತ್ತೆ, ಮೊದಲು ಬಂದವರು ಎಲ್ಲಿ ನಿಂತಿರುತ್ತಾರೆ, ಕೈ ಏನು ಮಾಡುತ್ತಾರೆ, ಇದೆಲ್ಲ ನೋಡಬೇಕು ಅಂತ ವಾರದಿಂದ ಹೇಳುತ್ತಿದ್ದಳು. ಟಿಕೆಟ್ ತೆಗೆದದ್ದು ನಾನು. ಏಳೂವರೆಗೆ ಆಟ. ಅದಕ್ಕೆ ಮುಂಚೆ ಊಟ ಕೊಡಿಸೋದು ಭಾವನ ಲೆಕ್ಕ. ಅದನ್ನೂ ಹೇಳಬೇಕು, ಭಾವ ಕೈ ಬಿಗಿ ಹಿಡಿಯುವವರಲ್ಲ. ಯಾರ ಮನೆಯಲ್ಲಿ ಕಷ್ಟ ಅಂದರೂ ಮೊದಲು ಹೋಗಿ ನಿಲ್ಲುತ್ತಾರೆ. ನನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ರಾತ್ರಿ ಕುರ್ಚಿಯಲ್ಲೇ ಮಲಗಿದವರು ಅವರು. ಆದರೆ ಅಂಗಡಿಯವರು, ಡ್ರೈವರು, ಬಡಿಸುವವರು ಏನಾದರೂ ಕೇಳಿದರೆ ಅವರ ಮುಖ ಬಿಗಿಯಾಗುತ್ತೆ. ತಮ್ಮಿಂದ ಏನೋ ಕಿತ್ತುಕೊಳ್ಳೋಕೆ ಬಂದಿದ್ದಾರೆ ಅನ್ನೋ ಹಾಗೆ.

ರಂಗಮಂದಿರದ ಪಕ್ಕದ ರಸ್ತೆಯಲ್ಲೇ ಇರುವ ಹೋಟೆಲು. ಆರೂ ಇಪ್ಪತ್ತಕ್ಕೆ ಹೋಗಿ ಕೂತೆವು. ಒಳಗೆ ಆಗಲೇ ಮುಕ್ಕಾಲು ಭಾಗ ತುಂಬಿತ್ತು. ಎಲ್ಲರೂ ನಾಟಕಕ್ಕೆ ಹೋಗುವವರೇ ಅಂತ ನೋಡಿದರೆ ಗೊತ್ತಾಗುತ್ತಿತ್ತು. ಐದು ನಿಮಿಷಕ್ಕೊಮ್ಮೆ ಕೈಗಡಿಯಾರ ನೋಡೋದು, ಬ್ಯಾಗಿನಲ್ಲಿ ಟಿಕೆಟ್ ಇದೆಯಾ ಅಂತ ಮುಟ್ಟಿ ನೋಡೋದು. ನಮ್ಮ ಟೇಬಲ್ಲಿಗೆ ಬಂದವರಿಗೆ ನಲವತ್ತರ ಮೇಲೆ ವಯಸ್ಸು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನೀರು ಇಟ್ಟು, ಚೀಟಿ ಪುಸ್ತಕ ತೆಗೆದು, ಪೆನ್ನನ್ನು ಚೀಟಿಯ ಮೂಲೆಯಲ್ಲಿ ಊರಿ ಕೇಳಿದರು. "ನಾಟಕಕ್ಕಾ ಸಾರ್? ಎಷ್ಟು ಗಂಟೆಗೆ?"

"ಅದು ನಿಮಗ್ಯಾಕೆ?"

ಪೆನ್ನು ಮೂಲೆಯಲ್ಲೇ ಒಂದು ಕ್ಷಣ ನಿಂತಿತು. ಆಮೇಲೆ ಕೆಳಗೆ ಸಾಲಿಗೆ ಬಂತು. "ಏನು ಕೊಡ್ಲಿ ಸಾರ್?"

ನಾನು ಆ ಪೆನ್ನನ್ನು ನೋಡಿದೆ. ಅದು ಯಾಕೆ ಮೂಲೆಯಲ್ಲಿ ನಿಂತಿತ್ತು ಅಂತ ನನಗೆ ಗೊತ್ತಿತ್ತು. ಪಕ್ಕದ ಟೇಬಲ್ಲಿನ ಚೀಟಿಯ ಮೂಲೆಯಲ್ಲಿ ದಪ್ಪಗೆ 7:30 ಅಂತ ಬರೆದು ಸುತ್ತ ಗೆರೆ ಹಾಕಿದ್ದನ್ನು ಆಗಲೇ ನೋಡಿದ್ದೆ. ಗೊತ್ತಿದ್ದೂ ನಾನು "ಏಳೂವರೆಗೆ" ಅನ್ನಲಿಲ್ಲ. ಒಂದು ಪದ. ಭಾವನಿಗೆ ಎದುರು ಮಾತಾಡಿದ ಹಾಗೆ ಆಗುತ್ತೆ, ಮಗಳ ಎದುರು ಬೇಡ, ಅಕ್ಕನಿಗೆ ಬೇಜಾರಾಗುತ್ತೆ ಅಂತ ಏನೇನೋ ಯೋಚಿಸಿ ಬಾಯಿ ಮುಚ್ಚಿಕೊಂಡೆ. ಅಕ್ಕನೂ ಮೇಜಿನ ಮೇಲಿನ ಕರವಸ್ತ್ರ ಮಡಿಸುತ್ತಾ ಕೂತಳು.

ಆಟಕ್ಕೆ ಮುಂಚೆ ಊಟ ಹಾಕುವ ಅಡುಗೆಮನೆಯ ಕಷ್ಟ ಬೇರೆ ತರಹದ್ದು. ಉಳಿದ ದಿನ ಜನ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ, ಹೋಗುತ್ತಾರೆ. ಇಲ್ಲಿ ಹಾಗಲ್ಲ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಟೇಬಲ್ಲೂ ತುಂಬುತ್ತೆ, ಎಲ್ಲ ಚೀಟಿಯೂ ಒಟ್ಟಿಗೆ ಒಳಗೆ ಹೋಗುತ್ತೆ, ಎಲ್ಲರಿಗೂ ಬಿಲ್ಲು ಒಂದೇ ಹೊತ್ತಿಗೆ ಬೇಕು. ಅದಕ್ಕೇ ಸಮಯ ಕೇಳೋದು. ಏಳೂವರೆಯವರ ಚೀಟಿ ಮುಂದೆ, ಸುಮ್ನೆ ಊಟಕ್ಕೆ ಬಂದವರದು ಹಿಂದೆ. ಅವಸರ ಇರುವವರಿಗೆ "ಇದು ಬೇಯೋಕೆ ಹೊತ್ತಾಗುತ್ತೆ, ಅದು ತಗೊಳ್ಳಿ" ಅಂತ ಹೇಳೋಕೂ ಸಮಯ ಗೊತ್ತಿರಬೇಕು. ಕೊನೆಯ ತಟ್ಟೆಯ ಜೊತೆಗೇ ಬಿಲ್ಲು ತಂದಿಡೋಕೂ ಗೊತ್ತಿರಬೇಕು.

ಭಾವ ಕೇಳಿದ್ದು ಓವನ್‌ನಲ್ಲಿ ಬೇಯುವ ಐಟಂ. ವೇಟರ್ ಆಗಲೂ ಒಂದು ಸಲ ಪ್ರಯತ್ನ ಮಾಡಿದರು. "ಇದು ಸ್ವಲ್ಪ ಲೇಟಾಗುತ್ತೆ ಸಾರ್, ಪರವಾಗಿಲ್ವಾ?" ಭಾವ "ಆಗ್ಲಿ ಬಿಡಿ" ಅಂದರು. ನಾನು ಆಗಲೂ ಸುಮ್ಮನಿದ್ದೆ.

ಏಳೂ ಹನ್ನೆರಡಕ್ಕೆ ಊಟ ಬಂತು. ಅಷ್ಟರಲ್ಲಿ ಪಕ್ಕದ ಟೇಬಲ್ಲಿನವರು ಕೈ ತೊಳೆದು ಎದ್ದಾಗಿತ್ತು. "ಏನ್ರೀ ಇದು, ನಾಟಕಕ್ಕೆ ಹೋಗ್ಬೇಕು ನಾವು!" ಅಂತ ಭಾವ ಈಗ ನಿಜವಾಗಿಯೂ ಗದರಿದರು. "ನಾನು ಕೇಳಿದ್ನಲ್ಲಾ ಸಾರ್" ಅಂತ ಅವರು ಅನ್ನಬಹುದಿತ್ತು. ಅನ್ನಲಿಲ್ಲ. "ಮೊದಲು ಮಗೂಗೆ ಬಡಿಸ್ತೀನಿ ಸಾರ್" ಅಂತ ಹೇಳಿ ನಮ್ಮ ಹುಡುಗಿಯ ತಟ್ಟೆ ತುಂಬಿಸಿದರು. ನಾನು ತಿಂದದ್ದು ನಾಲ್ಕು ತುತ್ತು. ಬಿಲ್ಲಿಗೆ ಕೌಂಟರಿನ ಮುಂದೆ ಏಳೆಂಟು ಜನ ನಿಂತಿದ್ದರು. ಉಳಿದದ್ದನ್ನು ಕಟ್ಟಿಡ್ತೀನಿ, ನಾಟಕ ಮುಗಿದ ಮೇಲೆ ಬಂದು ತಗೊಳ್ಳಿ ಅಂತ ಅವರೇ ಹೇಳಿದರು.

ಓಡಿದೆವು. ಹೋಗುವಷ್ಟರಲ್ಲಿ ಮೂರನೇ ಬೆಲ್ ಆಗಿ ಬಾಗಿಲು ಮುಚ್ಚಿತ್ತು. ಮೊದಲ ದೃಶ್ಯ ಮುಗಿಯೋವರೆಗೆ ಒಳಗೆ ಬಿಡಲ್ಲ ಅಂದರು. ಆ ನಿಯಮ ಸರಿಯಾಗೇ ಇದೆ. ಕತ್ತಲಲ್ಲಿ ನಾಲ್ಕು ಜನ ಕಾಲು ತುಳಿದುಕೊಂಡು ಹೋದರೆ ಟೈಮಿಗೆ ಬಂದ ನೂರಾರು ಜನರ ಗಮನ ಕೆಡುತ್ತೆ, ರಂಗದ ಮೇಲೆ ಇರುವವರ ಗಮನವೂ ಕೆಡುತ್ತೆ. ಹದಿನೇಳು ನಿಮಿಷ ಕಾರಿಡಾರಿನಲ್ಲಿ ನಿಂತೆವು. ಬಾಗಿಲಿನ ಆಚೆ ಜನ ಒಮ್ಮೆ ಜೋರಾಗಿ ನಕ್ಕರು. ಯಾಕೆ ನಕ್ಕರು ಅಂತ ನಮಗೆ ಗೊತ್ತಾಗಲೇ ಇಲ್ಲ. ಹುಡುಗಿ ಬಾಗಿಲಿಗೆ ಕಿವಿ ಇಟ್ಟು ನಿಂತಿದ್ದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಚಿಕ್ಕಮ್ಮ, ಅಪ್ಪ ಯಾಕೆ ಟೈಮ್ ಹೇಳ್ಲಿಲ್ಲ?"

ಭಾವ ಎರಡು ಹೆಜ್ಜೆ ದೂರದಲ್ಲಿದ್ದರು. ಕೇಳಿಸಿತೋ ಇಲ್ಲವೋ. ನಾನು ಅವಳ ತಲೆ ಸವರಿದೆ, ಅಷ್ಟೇ.

ಈ ಮಾತು ನನ್ನನ್ನು ಇಷ್ಟು ಕಾಡೋಕೆ ಇನ್ನೊಂದು ಕಾರಣ ಇದೆ. ಕಾಲೇಜಿನಲ್ಲಿ ಎರಡು ವರ್ಷ ನಾನು ನಾಟಕದ ತಂಡದಲ್ಲಿದ್ದೆ. ರಂಗದ ಮೇಲೆ ಅಲ್ಲ, ಹಿಂದೆ. ಗಡಿಯಾರ ನೋಡಿಕೊಂಡು ಗ್ರೀನ್ ರೂಮಿನ ಬಾಗಿಲಲ್ಲಿ ನಿಂತು ಇನ್ನೆಷ್ಟು ನಿಮಿಷ ಅಂತ ಕೂಗೋದು ನನ್ನ ಕೆಲಸ. ಬ್ರಿಟನ್ನಿನ ರಂಗಭೂಮಿಯಲ್ಲಿ ಇದಕ್ಕೆ ಗಟ್ಟಿ ಕ್ರಮವೇ ಇದೆ. 'ಹಾಫ್' ಅಂತ ಕೂಗುತ್ತಾರೆ. ಹೆಸರು ಅರ್ಧ ಗಂಟೆ, ಆದರೆ ಕೂಗೋದು ಪರದೆ ಏಳೋಕೆ 35 ನಿಮಿಷ ಮುಂಚೆ. ಯಾಕಂದರೆ ಮೊದಲ ದೃಶ್ಯದವರು ಐದು ನಿಮಿಷ ಮುಂಚೆಯೇ ತಮ್ಮ ಜಾಗದಲ್ಲಿ ಇರಬೇಕು. ಲೆಕ್ಕ ಶುರುವಾಗೋದು ಆ ಐದು ನಿಮಿಷದಿಂದ ಹಿಂದಕ್ಕೆ. ಹಾಗಾಗಿ ಕಾಲು ಗಂಟೆಯ ಕೂಗು 20 ನಿಮಿಷ ಮುಂಚೆ, ಐದು ನಿಮಿಷದ ಕೂಗು 10 ನಿಮಿಷ ಮುಂಚೆ. 'ಹಾಫ್' ಕೂಗುವ ಹೊತ್ತಿಗೆ ನಟರೆಲ್ಲ ಕಟ್ಟಡದ ಒಳಗೆ ಇರಲೇಬೇಕು.

ಅಂದರೆ ಏಳೂವರೆಯ ಆಟಕ್ಕೆ ಆರೂ ಐವತ್ತೈದಕ್ಕೆ ಆ ಕೂಗು. ಶನಿವಾರ ಆರೂ ಐವತ್ತೈದಕ್ಕೆ ನಾವು ಖಾಲಿ ಮೇಜಿನ ಮುಂದೆ ಕೂತಿದ್ದೆವು. ಪಕ್ಕದ ಕಟ್ಟಡದಲ್ಲಿ ಯಾರೋ ಒಬ್ಬರು ಗಡಿಯಾರ ನೋಡಿಕೊಂಡು ಹಿಂದಕ್ಕೆ ಎಣಿಸುತ್ತಿರುತ್ತಾರೆ. ಈ ಕಟ್ಟಡದಲ್ಲಿ ಇವರು ಚೀಟಿಯ ಮೂಲೆ ನೋಡಿಕೊಂಡು ಹಿಂದಕ್ಕೆ ಎಣಿಸುತ್ತಿದ್ದರು. ಇಬ್ಬರದೂ ಒಂದೇ ಕೆಲಸ. ಅವರು ನಟರನ್ನು ಆ ಬಾಗಿಲಿಗೆ ತಲುಪಿಸಬೇಕು, ಇವರು ನಮ್ಮನ್ನು ಈ ಬಾಗಿಲಿಗೆ. ಎರಡು ಕಡೆಯವರೂ ಒಂದೇ ನಿಮಿಷಕ್ಕೆ ಬಂದು ಸೇರಿದರೆ ತಾನೆ ನಾಟಕ ಅನ್ನೋದು ಆಗೋದು? ನಮ್ಮ ಟೇಬಲ್ಲಿನ ಲೆಕ್ಕ ಮಾತ್ರ ಅವರ ಕೈಗೆ ಸಿಗಲಿಲ್ಲ. ನಾವು ಕೊಡಲಿಲ್ಲ.

ಊಟ ಮತ್ತು ಆಟದ ನಡುವೆ ಈ ಗಡಿಯಾರ ಯಾವಾಗಲೂ ಇರಲಿಲ್ಲ. ಶೇಕ್ಸ್‌ಪಿಯರ್ ಕಾಲದ ಲಂಡನ್ನಿನ ಬಯಲು ರಂಗಮಂದಿರಗಳಲ್ಲಿ ಮಧ್ಯಾಹ್ನದ ಬೆಳಕಿನಲ್ಲೇ ಆಟ. ಜನ ಒಳಗೇ ತಿನ್ನುತ್ತಿದ್ದರು. ಅಲ್ಲಿನ ರೋಸ್ ರಂಗಮಂದಿರದ ಜಾಗವನ್ನು 1989ರಲ್ಲಿ ಅಗೆದಾಗ ಹೇಝೆಲ್ ಕಾಯಿಯ ಸಿಪ್ಪೆಗಳು ಸಿಕ್ಕವು. ಜಪಾನಿನ ಕಬುಕಿ ಆಟಗಳು ಇಡೀ ದಿನ ನಡೆಯುತ್ತಿದ್ದವು, ಅಂಕಗಳ ನಡುವೆ ಬುತ್ತಿ ಬಿಚ್ಚುತ್ತಿದ್ದರು. ಆ ಬುತ್ತಿಗೆ ಇವತ್ತಿಗೂ 'ಮಕುನೊಉಚಿ' ಅಂತಲೇ ಹೆಸರು, ಪರದೆಗಳ ನಡುವಿನದು ಅಂತ ಅರ್ಥ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜರ್ಮನಿಯ ಬೈರಾಯ್ಟ್. ಅಲ್ಲಿ 1876ರಲ್ಲಿ ಶುರುವಾದ, ಸಂಗೀತಗಾರ ವಾಗ್ನರ್‌ನ ಸಂಗೀತ ನಾಟಕಗಳ ಉತ್ಸವದಲ್ಲಿ ಅಂಕಗಳ ನಡುವೆ ಸುಮಾರು ಒಂದು ಗಂಟೆ ಬಿಡುವು. ಜನ ಹೊರಗೆ ಹೋಗಿ ಆರಾಮಾಗಿ ಊಟ ಮಾಡುತ್ತಾರೆ. ಮತ್ತೆ ಕರೆಯೋಕೆ ವಾದ್ಯದವರು ಬಾಲ್ಕನಿಗೆ ಬಂದು ಕಹಳೆ ಊದುತ್ತಾರೆ. ಹದಿನೈದು ನಿಮಿಷ ಇದ್ದಾಗ ಒಂದು ಸಲ, ಹತ್ತು ನಿಮಿಷ ಇದ್ದಾಗ ಎರಡು ಸಲ, ಐದು ನಿಮಿಷ ಇದ್ದಾಗ ಮೂರು ಸಲ. ಅಲ್ಲಿ ಯಾರನ್ನೂ ಯಾರೂ ಏನೂ ಕೇಳಬೇಕಾಗಿಲ್ಲ. ಎಲ್ಲರ ಸಮಯವೂ ಎಲ್ಲರಿಗೂ ಕೇಳಿಸುತ್ತೆ.

ನಮ್ಮ ಹೋಟೆಲಿನಲ್ಲಿ ಕಹಳೆ ಇರಲಿಲ್ಲ. ಅದರ ಬದಲು ಒಬ್ಬ ಮನುಷ್ಯ ಬಂದು ಕೇಳಿದರು.

"ಅದು ನಿಮಗ್ಯಾಕೆ?"

ಸೋಮವಾರ ಅಕ್ಕ ಫೋನ್ ಮಾಡಿದಳು. ಏನೇನೋ ಮಾತಾಡಿ ಕೊನೆಗೆ ತಾನೇ ಅಲ್ಲಿಗೆ ಬಂದಳು. "ಅವರಿಗೆ ಯಾರಾದ್ರೂ ಕೇಳಿದ್ರೆ ಆಗಲ್ಲ ಕಣೆ. ಮನೇಲೂ ಅಷ್ಟೆ. ಎಷ್ಟು ಹೊತ್ತಿಗೆ ಬರ್ತೀರಾ ಅಂತ ಕೇಳೋದು ಬಿಟ್ಟು ಎಷ್ಟೋ ವರ್ಷ ಆಯ್ತು. ಅನ್ನ ಮಾಡಿ ಮುಚ್ಚಿಟ್ಟಿರ್ತೀನಿ." ಅವಳು ದೂರು ಹೇಳುವ ದನಿಯಲ್ಲಿ ಹೇಳಲಿಲ್ಲ. ಅಡುಗೆಮನೆಯ ವಿಷಯ ಹೇಳಿದ ಹಾಗೆ ಹೇಳಿದಳು. ನನಗೆ ಮಾತ್ರ ಗಂಟಲು ಕಟ್ಟಿತು. ಇಪ್ಪತ್ತು ವರ್ಷ ಅವಳು ಆ ಮೂಲೆಯಲ್ಲಿ ಬರೆಯೋಕೆ ಏನೂ ಸಿಗದೆ ಅಡುಗೆ ಮಾಡಿದ್ದಾಳೆ. ಸಾರು ಎರಡು ಸಲ ಬಿಸಿ ಮಾಡಿದ್ದಾಳೆ, ಮೂರು ಸಲ ಬಿಸಿ ಮಾಡಿದ್ದಾಳೆ. ತಣ್ಣಗಾಗಿದ್ದರೆ ಮಾತೂ ಕೇಳಿದ್ದಾಳೆ.

ಎಷ್ಟು ಗಂಟೆಗೆ ಅಂತ ಕೇಳುವವರು ನಮ್ಮ ಗುಟ್ಟು ಕೇಳುತ್ತಿಲ್ಲ. ನಿಮ್ಮ ಅವಸರ ಸ್ವಲ್ಪ ನನಗೂ ಕೊಡಿ, ನಾನೂ ಹೊರುತ್ತೀನಿ ಅಂತ ಕೇಳುತ್ತಿದ್ದಾರೆ. ಅಮ್ಮ ಕೇಳುತ್ತಿದ್ದಳು. ಬೆಳಿಗ್ಗೆ ಬಸ್ಸು ಎಷ್ಟು ಗಂಟೆಗೆ ಅಂತ ರಾತ್ರಿಯೇ ಕೇಳಿ, ನಾಲ್ಕೂವರೆಗೆ ಎದ್ದು ಒಲೆ ಹಚ್ಚುತ್ತಿದ್ದಳು. ನಾನೂ ಆಗ ಸಿಡುಕಿದ್ದುಂಟು, "ಎಷ್ಟು ಸಲ ಕೇಳ್ತೀಯಮ್ಮಾ" ಅಂತ. ಈಗ ನೆನೆದರೆ ನೋವಾಗುತ್ತೆ. ಭಾವನನ್ನು ಒಬ್ಬರನ್ನೇ ದೂರೋಕೆ ನನಗೆ ಮನಸ್ಸು ಬರೋದಿಲ್ಲ. ಅವರೊಬ್ಬರು ಹೇಳಲಿಲ್ಲ, ಸರಿ. ಮೇಜಿನ ಸುತ್ತ ಇನ್ನೂ ಮೂರು ಬಾಯಿ ಇದ್ದವಲ್ವಾ?

ನಾಟಕ ಚೆನ್ನಾಗಿತ್ತು. ಮೊದಲ ದೃಶ್ಯದಲ್ಲಿ ಏನೋ ಒಂದು ಪೆಟ್ಟಿಗೆ ಬಂದಿರಬೇಕು, ಕೊನೆಯಲ್ಲಿ ಅದನ್ನು ತೆರೆದಾಗ ಎಲ್ಲರೂ ಉಸಿರು ಹಿಡಿದರು, ನಾವು ನಾಲ್ಕು ಜನ ಮುಖ ಮುಖ ನೋಡಿಕೊಂಡೆವು. ಹುಡುಗಿ ಬೇಜಾರು ತೋರಿಸಲಿಲ್ಲ.

ಹೊರಗೆ ಬಂದಾಗ ಹತ್ತೂ ಐದು. ಕಟ್ಟಿಸಿಟ್ಟದ್ದನ್ನು ತರೋಕೆ ಭಾವ ಹೋಗಲಿಲ್ಲ, ಕಾರು ತರ್ತೀನಿ ಅಂದರು. ನಾನು ಮತ್ತು ಹುಡುಗಿ ಹೋದೆವು. ಕುರ್ಚಿಗಳನ್ನು ಮೇಜಿನ ಮೇಲೆ ಎತ್ತಿಡುತ್ತಿದ್ದರು. ಅವರೇ ಒಳಗಿಂದ ಪೊಟ್ಟಣ ತಂದರು, ಬಿಸಿಯಾಗಿತ್ತು. ಈಗಷ್ಟೇ ಬಿಸಿ ಮಾಡಿದ್ದಾರೆ. ಏಳೂವರೆಯ ನಾಟಕ ಎಷ್ಟು ಹೊತ್ತಿಗೆ ಬಿಡುತ್ತೆ ಅಂತ ಅವರಿಗೆ ಗೊತ್ತಿತ್ತು.

"ಅಂಕಲ್, ನೀವು ಮನೆಗೆ ಎಷ್ಟು ಗಂಟೆಗೆ ಹೋಗ್ತೀರಾ?" ಅಂತ ಹುಡುಗಿ ಕೇಳಿದಳು. ನನಗೆ ಎದೆ ಧಸಕ್ ಎಂದಿತು.

"ಹನ್ನೊಂದಕ್ಕೆ ಬಿಡ್ತಾರೆ ಪುಟ್ಟಾ. ಹನ್ನೊಂದೂ ಇಪ್ಪತ್ತಕ್ಕೆ ಕೊನೇ ಬಸ್ಸು," ಅಂದರು. ಆಮೇಲೆ ಕೈಯಲ್ಲಿದ್ದ ಬಟ್ಟೆಯಿಂದ ಮೇಜು ಒರೆಸುತ್ತಾ, "ಮನೆ ಸೇರೋವಾಗ ಹನ್ನೆರಡಾಗುತ್ತೆ. ನಮ್ಮನೇವ್ರಿಗೆ ಹೇಳಿರ್ತೀನಿ, ಅವಳು ಆ ಹೊತ್ತಿಗೆ ಅನ್ನಕ್ಕೆ ಇಡ್ತಾಳೆ" ಅಂದರು.